ಮೂರರ ನೆಲೆ: ಬಸದಿಯಿಂದ ಬೈಲಿನವರೆಗೆ

ಮೂರು ಎಂಬ ಸಂಖ್ಯೆಗೆ ಜಗತ್ತಿನ ಧರ್ಮಗಳಲ್ಲಿರುವ ಮಹತ್ವವನ್ನು ಕುರಿತ ಬರವಣಿಗೆಗಳು ಸಾಮಾನ್ಯವಾಗಿ ಪಟ್ಟಿಯ ರೂಪವನ್ನು ತಾಳುತ್ತವೆ. ತ್ರಿಮೂರ್ತಿಗಳು, ಬೌದ್ಧರ ತ್ರಿಶರಣ, ಜೈನರ ರತ್ನತ್ರಯ, ಕ್ರೈಸ್ತರ ತ್ರಿತ್ವ ಇವುಗಳನ್ನು ಸಾಲಾಗಿ ಜೋಡಿಸಿ, ಮೂರು ಸ್ವಭಾವತಃ ಪವಿತ್ರವೆಂಬ ತೀರ್ಮಾನಕ್ಕೆ ಬರಲಾಗುತ್ತದೆ. ಎಣಿಕೆಯ ಸಾಮ್ಯವನ್ನೇ ಅರ್ಥದ ಸಾಮ್ಯವೆಂದು ಗ್ರಹಿಸುವುದು ಈ ಕ್ರಮದ ಮುಖ್ಯ ಮಿತಿ.

ತ್ರಿಮೂರ್ತಿ ಕಲ್ಪನೆಯಲ್ಲಿರುವುದು ಸೃಷ್ಟಿ, ಸ್ಥಿತಿ, ಲಯಗಳ ಕಾರ್ಯವಿಭಜನೆ. ಕ್ರೈಸ್ತ ತ್ರಿತ್ವದಲ್ಲಿ ಮೂರೂ ಒಂದೇ ದೈವತ್ವ. ಜೈನರ ದರ್ಶನ, ಜ್ಞಾನ, ಚಾರಿತ್ರಗಳು ದೇವತೆಗಳಲ್ಲ. ಕೂಡಿ ಸಾಗಬೇಕಾದ ಮೋಕ್ಷಮಾರ್ಗ. ಆದರೆ ಮೂಡುಬಿದಿರೆಯಲ್ಲಿ 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯ ಹೆಸರು ತ್ರಿಭುವನ ತಿಲಕ ಚೂಡಾಮಣಿ. ಅಲ್ಲಿ ಮೂರು ಸೂಚಿಸುವುದು ಮಾರ್ಗವನ್ನಲ್ಲ, ಲೋಕಗಳನ್ನು. ಒಂದೇ ಧರ್ಮದೊಳಗೂ ಮೂರಕ್ಕೆ ಒಂದೇ ಅರ್ಥವಿಲ್ಲ.

ದಿನಬಳಕೆಯ ಕನ್ನಡವಂತೂ ಪಾವಿತ್ರ್ಯದ ವಾದವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ತಾಳಿಯ ಮೂರು ಗಂಟು ಬಾಳನ್ನು ಬೆಸೆಯುತ್ತದೆ; ಮೂರಾಬಟ್ಟೆಯಾದ ಬಾಳು ಚದುರಿಹೋಗುತ್ತದೆ. ಬಟ್ಟೆಯೆಂದರೆ ಇಲ್ಲಿ ದಾರಿ. ಮೂರು ಕಾಸಿನ ಮಾತಿಗೆ ಬೆಲೆಯಿಲ್ಲ. ಮೂರು ದಿನದ ಬಾಳು ಅಲ್ಪಾಯುಷ್ಯದ ಸೂಚನೆ. ಮೂರುಸಂಜೆಯಲ್ಲಿ ಮಲಗುವುದು ನಿಷಿದ್ಧ. ಕೂಡಿಸುವುದಕ್ಕೂ ಕೆಡುವುದಕ್ಕೂ ಭಾಷೆ ಅದೇ ಸಂಖ್ಯೆಯನ್ನು ಆಶ್ರಯಿಸಿದೆ.

ಶಾಸ್ತ್ರಗ್ರಂಥಗಳಿಗೆ ಸೀಮಿತವಾದ ಅಧ್ಯಯನಕ್ಕೆ ಕಾಣದ ಇನ್ನೊಂದು ಮೂರು ತುಳುನಾಡಿನ ಮಣ್ಣಿನಲ್ಲಿದೆ. ಬಂಟ್ವಾಳ ತಾಲೂಕಿನ ಕನ್ಯಾನದಂತಹ ಗುಡ್ಡ, ಕಣಿವೆಗಳ ಊರುಗಳಲ್ಲಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವುದು ರೂಢಿ. ತಗ್ಗಿನ ಬೈಲಿನಲ್ಲಿ ನೀರಿದ್ದರೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ; ನಡುವಣ ಮಜಲಿನಲ್ಲಿ ಎರಡು; ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು. ಈ ಮೂರನ್ನು ರೂಪಿಸಿದ್ದು ದೈವಚಿಂತನೆಯಲ್ಲ, ನೀರಿನ ಹರಿವು. ಇಲ್ಲಿನ ವಿಂಗಡಣೆಯಲ್ಲಿ ಸಮಾನತೆಯೂ ಇಲ್ಲ. ಬೈಲಿನ ಒಡೆತನಕ್ಕೂ ಬೆಟ್ಟಿನ ದುಡಿಮೆಗೂ ನಡುವಣ ಅಂತರ ಊಟದ ತಟ್ಟೆಯಲ್ಲಿ ಕಾಣುವಂಥದು.

ಗದ್ದೆಗಳು ಅಡಿಕೆ ತೋಟಗಳಾದ ಕಡೆಗಳಲ್ಲಿ ಈ ಎಣಿಕೆಯ ಆಧಾರವೇ ಸರಿದುಹೋಗಿದೆ. ರತ್ನತ್ರಯಕ್ಕೆ ಗ್ರಂಥಗಳಿವೆ, ತ್ರಿಭುವನಕ್ಕೆ ಕಲ್ಲಿನ ಬಸದಿಯಿದೆ. ಕೊಳಕೆಗೆ ಇದ್ದುದು ಬೇಸಾಯವೊಂದೇ. ಬೇಸಾಯ ನಿಂತೆಡೆ ಪದ ಉಳಿದರೂ ಅದು ಬರಿಯ ಹೆಸರಾಗಿ ಉಳಿಯುತ್ತದೆ. ಆದುದರಿಂದ ಸಂಖ್ಯಾಸಂಕೇತಗಳ ಅಧ್ಯಯನವು ಮೂರು ಎಲ್ಲೆಲ್ಲಿದೆ ಎಂದು ಎಣಿಸುವುದಕ್ಕೆ ಮೊದಲು, ಪ್ರತಿಯೊಂದು ಮೂರೂ ಯಾವ ಬದುಕಿನಿಂದ ಮೂಡಿತೆಂಬುದನ್ನು ಕೇಳಬೇಕಾಗಿದೆ.