‘ಫ್ಲೌಟ್’ ಪದದ ಅರ್ಥ ಮತ್ತು ಮೂಲ: ‘ಉಲ್ಲಂಘನೆ’ ಎಂಬ ಏಕೈಕ ಪರ್ಯಾಯದ ವಿಮರ್ಶೆ

ನಿಯಮವನ್ನು ಮೀರುವ ಕ್ರಿಯೆಗೆ ಇಂಗ್ಲಿಷಿನಲ್ಲಿ ಹಲವು ಕ್ರಿಯಾಪದಗಳಿವೆ. ಅವುಗಳಲ್ಲಿ ಲ್ಯಾಟಿನ್ ಮೂಲದವು ನಿಯಮವನ್ನು ಗಡಿಯೆಂದೋ ವಸ್ತುವೆಂದೋ ಕಲ್ಪಿಸುತ್ತವೆ. ‘ಟ್ರಾನ್ಸ್‌ಗ್ರೆಸ್’ ಎಂಬುದರ ಮೂಲಾರ್ಥ ಆಚೆಗೆ ಹೆಜ್ಜೆಯಿಡುವುದು. ‘ಇನ್‌ಫ್ರಿಂಜ್’ ಎಂಬುದರದು ಮುರಿಯುವುದು. ಕನ್ನಡವು ಸಂಸ್ಕೃತದಿಂದ ಪಡೆದ ಪದಗಳಲ್ಲಿಯೂ ಇವೇ ಕಲ್ಪನೆಗಳಿವೆ: ‘ಅತಿಕ್ರಮಣ’ದಲ್ಲಿ ಹೆಜ್ಜೆ, ‘ಉಲ್ಲಂಘನೆ’ಯಲ್ಲಿ ನೆಗೆತ, ‘ಭಂಗ’ದಲ್ಲಿ ಮುರಿತ. ಆದ್ದರಿಂದ ಆ ಇಂಗ್ಲಿಷ್ ಪದಗಳಿಗೆ ಪರ್ಯಾಯ ಹುಡುಕುವುದು ಕಷ್ಟವಲ್ಲ. ‘ಫ್ಲೌಟ್’ ಎಂಬುದು ಮಾತ್ರ ಈ ಸಾಲಿಗೆ ಸೇರದು. ಆದರೂ ಅದನ್ನು ‘ಉಲ್ಲಂಘಿಸು’ ಎಂದೇ ಅನುವಾದಿಸುವ ರೂಢಿಯಿದೆ. ಈ ರೂಢಿಯು ಪದದ ಅರ್ಥವನ್ನು ಕುಗ್ಗಿಸುವುದಲ್ಲದೆ ಪ್ರಾಗ್ಮ್ಯಾಟಿಕ್ಸ್‌ನ ಒಂದು ಮೂಲಭೂತ ಭೇದವನ್ನೂ ಮರೆಮಾಡುತ್ತದೆ ಎಂಬುದು ನಮ್ಮ ವಾದ.

‘ಫ್ಲೌಟ್’ 16ನೆಯ ಶತಮಾನದ ನಡುಭಾಗದಿಂದ ದಾಖಲಾಗಿರುವ ಪದ. ಕೊಳಲೂದುವ ಅರ್ಥದ ಮಧ್ಯಕಾಲೀನ ಇಂಗ್ಲಿಷಿನ ‘ಫ್ಲೌಟೆನ್’ ಇದರ ಮೂಲವಿರಬೇಕೆಂಬುದು ಸಾಮಾನ್ಯವಾಗಿ ಮಾನ್ಯವಾಗಿರುವ ಊಹೆ. ಸಿಳ್ಳೆ ಹಾಕುವ ಅರ್ಥದ ಡಚ್ ಕ್ರಿಯಾಪದ ‘ಫ್ಲೌಟೆನ್’ ಅಣಕಿಸುವ ಅರ್ಥಕ್ಕೂ ಚಾಚಿಕೊಂಡದ್ದು ಈ ಊಹೆಗೆ ಬೆಂಬಲ ನೀಡುತ್ತದೆ. ಜರ್ಮನ್ ಭಾಷೆಯಲ್ಲಿ ಒಂದರ ‘ಮೇಲೆ ಸಿಳ್ಳೆ ಹಾಕುವುದು’ ಎಂದರೆ ಅದನ್ನು ಲೆಕ್ಕಿಸದಿರುವುದು. ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಈ ಕ್ರಿಯಾಪದದ ಕರ್ಮ ನಿಯಮವಲ್ಲ, ಮನುಷ್ಯ, ಅರ್ಥ ಅಪಹಾಸ್ಯ. ವ್ಯಕ್ತಿಯನ್ನು ಅಣಕಿಸುವುದರಿಂದ ಆಜ್ಞೆಯನ್ನು, ಕಾನೂನನ್ನು ತಿರಸ್ಕರಿಸುವುದರ ಕಡೆಗೆ ಅರ್ಥ ಸರಿದದ್ದು ಆನಂತರ. ಹೀಗೆ ಈ ಪದದ ಬೇರಿನಲ್ಲಿರುವುದು ಕಾಲಿನ ಚಲನೆಯಲ್ಲ, ಬಾಯಿಯ ಸದ್ದು. ಸಿಳ್ಳೆಯ ಸ್ವಭಾವವೇ ಇನ್ನೊಬ್ಬರ ಕಿವಿಗೆ ಬೀಳುವುದು.

ಆದ್ದರಿಂದ ‘ಫ್ಲೌಟ್’ ಪದದಲ್ಲಿ ಮೀರುವಿಕೆಯ ಜೊತೆಗೆ ಎರಡು ಅರ್ಥಘಟಕಗಳನ್ನು ಗುರುತಿಸಬೇಕು: ತಿರಸ್ಕಾರ ಮತ್ತು ಬಹಿರಂಗತೆ. ಗುಟ್ಟಾಗಿ ತೆರಿಗೆ ತಪ್ಪಿಸುವವನು ಕಾನೂನನ್ನು ಉಲ್ಲಂಘಿಸುತ್ತಾನೆ. ಆದರೆ ಅವನ ಕೃತ್ಯಕ್ಕೆ ‘ಫ್ಲೌಟ್’ ಸಲ್ಲದು. 20ನೆಯ ಶತಮಾನದ ಇಂಗ್ಲಿಷ್ ಬರಹದಲ್ಲಿ ಇದರ ಸ್ಥಾನದಲ್ಲಿ ‘ಫ್ಲಾಂಟ್’ ಎಂಬ ಪದ ನುಸುಳಿದ್ದನ್ನು ಶುದ್ಧ ಪ್ರಯೋಗದ ಪ್ರತಿಪಾದಕರು ಬರಿಯ ದೋಷವೆಂದು ಖಂಡಿಸುತ್ತಾರೆ. ಧ್ವನಿಸಾಮ್ಯ ಈ ಗೊಂದಲಕ್ಕೆ ಒಂದು ಕಾರಣವಿರಬಹುದು. ಆದರೆ ಮೆರೆಸಿ ತೋರಿಸುವ ಅರ್ಥದ ಪದವೇ ಇಲ್ಲಿ ನುಸುಳಿದೆಯೆಂಬುದು ಬಹಿರಂಗತೆಯ ಘಟಕಕ್ಕೆ ಸಾಕ್ಷಿಯೆಂದು ನಾವು ಭಾವಿಸುತ್ತೇವೆ.

ಸಾಮಾನ್ಯ ಬಳಕೆಗೆ ಕನ್ನಡದಲ್ಲಿ ಪದದ ಕೊರತೆಯಿಲ್ಲ. ಪತ್ರಿಕೆಗಳ ‘ನಿಯಮ ಗಾಳಿಗೆ ತೂರಿ’ ಎಂಬ ನುಡಿಗಟ್ಟು ನಿಯಮವನ್ನು ಹೊಟ್ಟಿಗೆ ಸಮನಾಗಿಸುತ್ತದೆ. ‘ಧಿಕ್ಕರಿಸು’ ಎಂಬುದು ಇನ್ನೂ ನಿಕಟವಾದುದು: ‘ಧಿಕ್’ ಎಂಬ ನಿಂದೆಯ ಉದ್ಗಾರದಿಂದಲೇ ಅದು ಹುಟ್ಟಿದೆ. ಸಿಳ್ಳೆಯಂತೆ ಈ ಉದ್ಗಾರವೂ ಕೇಳುಗನನ್ನು ಬಯಸುತ್ತದೆ.

ಆದರೆ ‘ಧಿಕ್ಕರಿಸು’ ಪಾರಿಭಾಷಿಕ ಪದವಾಗಿ ಸಲ್ಲುವುದೇ? ಎಚ್. ಪಿ. ಗ್ರೈಸ್ 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಮಾಲೆಯ ಭಾಗವಾಗಿದ್ದು, 1975ರಲ್ಲಿ ಪ್ರಕಟವಾದ ‘ಲಾಜಿಕ್ ಅಂಡ್ ಕಾನ್ವರ್ಸೇಶನ್’ ಲೇಖನವು ಸಂವಾದಸೂತ್ರವನ್ನು ಸದ್ದಿಲ್ಲದೆ ಮುರಿಯುವುದಕ್ಕೆ ‘ವಯೊಲೇಟ್’ ಎಂದೂ ಎದ್ದುಕಾಣುವಂತೆ ಮೀರುವುದಕ್ಕೆ ‘ಫ್ಲೌಟ್’ ಎಂದೂ ಹೆಸರಿಡುತ್ತದೆ. ಮೊದಲನೆಯದು ಕೇಳುಗನನ್ನು ದಾರಿ ತಪ್ಪಿಸಬಲ್ಲದು. ಎರಡನೆಯದು ಸೂಚ್ಯಾರ್ಥವನ್ನು ಹುಟ್ಟಿಸುತ್ತದೆ. ತತ್ತ್ವಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ, ಅವನ ಇಂಗ್ಲಿಷ್ ಚೆನ್ನಾಗಿದೆ, ಹಾಜರಿ ಕ್ರಮಬದ್ಧವಾಗಿದೆ ಎಂದಷ್ಟೇ ಬರೆಯುವ ಅಧ್ಯಾಪಕನ ಪತ್ರ ಗ್ರೈಸ್ ಕೊಡುವ ಪ್ರಸಿದ್ಧ ಉದಾಹರಣೆ. ಇಲ್ಲಿ ಅಧ್ಯಾಪಕನು ಪರಿಮಾಣಸೂತ್ರವನ್ನು ಧಿಕ್ಕರಿಸುತ್ತಿಲ್ಲ. ಓದುಗನೂ ಆ ಸೂತ್ರವನ್ನು ಬಲ್ಲನೆಂಬ ಭರವಸೆಯಿಂದಲೇ ಆತನು ಅದನ್ನು ಕಣ್ಣಿಗೆ ಬೀಳುವಂತೆ ಮೀರುತ್ತಾನೆ. ಹೀಗೆ ಗ್ರೈಸ್‌ನ ಪರಿಭಾಷೆಯಲ್ಲಿ ತಿರಸ್ಕಾರ ಉದುರಿ ಬಹಿರಂಗತೆ ಮಾತ್ರ ಉಳಿದಿದೆ.

ಎರಡನ್ನೂ ‘ಉಲ್ಲಂಘನೆ’ ಎಂದು ಅನುವಾದಿಸಿದ ಪಾಠದಿಂದ ಕಲಿಯುವ ವಿದ್ಯಾರ್ಥಿಗೆ ಸುಳ್ಳು ಮತ್ತು ವ್ಯಂಗ್ಯ ಒಂದೇ ಬಗೆಯ ಕ್ರಿಯೆಯಾಗಿ ಕಾಣುತ್ತವೆ. ಸೂಚ್ಯಾರ್ಥ ಎಲ್ಲಿಂದ ಬಂತೆಂಬುದು ತಿಳಿಯುವುದಿಲ್ಲ. ಈ ಗೊಂದಲದಲ್ಲಿ ಗ್ರೈಸ್‌ನ ಪಾಲೂ ಇದೆ. ಆತ ‘ವಯೊಲೇಟ್’ ಎಂಬುದನ್ನು ಮೇಲಿನ ಸಂಕುಚಿತ ಅರ್ಥದಲ್ಲಿಯೂ, ಸೂತ್ರ ಪಾಲನೆಯಾಗದ ಪ್ರಸಂಗಗಳಿಗೆಲ್ಲ ಅನ್ವಯಿಸುವ ವ್ಯಾಪಕ ಅರ್ಥದಲ್ಲಿಯೂ ಬಳಸುತ್ತಾನೆ.

ಆದ್ದರಿಂದ ‘ಉಲ್ಲಂಘನೆ’ಯನ್ನು ವ್ಯಾಪಕ ಅರ್ಥಕ್ಕೆ ಮೀಸಲಿಟ್ಟು, ಅದರಡಿಯಲ್ಲಿ ಸಂಕುಚಿತ ಅರ್ಥದ ‘ವಯೊಲೇಟ್’ಗೆ ‘ಗೂಢ ಉಲ್ಲಂಘನೆ’, ‘ಫ್ಲೌಟ್’ಗೆ ‘ಪ್ರಕಟ ಉಲ್ಲಂಘನೆ’ ಎಂಬ ಜೋಡಿಯನ್ನು ನಾವು ಸೂಚಿಸುತ್ತೇವೆ. ಪದಗಳು ಉದ್ದವಾದವೆಂಬ ಆಕ್ಷೇಪ ಬರಬಹುದು. ಆದರೆ ಇವು ಭೇದದ ನೆಲೆಯನ್ನೇ, ಅಂದರೆ ಮೀರುವಿಕೆ ಕೇಳುಗನಿಗೆ ಕಾಣಬೇಕೆಂಬ ಉದ್ದೇಶ ವಕ್ತೃವಿಗಿದೆಯೇ ಎಂಬುದನ್ನು, ಹೆಸರಿನಲ್ಲೇ ಹೇಳುತ್ತವೆ. ‘ಧಿಕ್ಕರಿಸು’ ಎಂಬುದು ಶಾಸ್ತ್ರದ ಹೊರಗಿನ ‘ಫ್ಲೌಟ್’ಗೆ ಉಳಿಯಲಿ, ನ್ಯಾಯಾಲಯದ ಆದೇಶವನ್ನು ಹಾಡಹಗಲೇ ಕಡೆಗಣಿಸುವವರ ವಿಷಯದಲ್ಲಿ ಅದಕ್ಕಿಂತ ತಕ್ಕ ಪದವಿಲ್ಲ.