ಲೋಕಶಕ್ತಿ ಎಲ್ಲಿ ಹೋಯಿತು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಇಂದಿನ ಹುಡುಗರನ್ನು ಲೋಕಶಕ್ತಿ ಎಂದರೇನು ಎಂದು ಕೇಳಿದರೆ ಯಾವುದೋ ಹಳೆಯ ಪತ್ರಿಕೆಯ ಹೆಸರೆಂದುಕೊಂಡಾರು. ರಾಮಕೃಷ್ಣ ಹೆಗಡೆಯವರು 1997ರಲ್ಲಿ ಕಟ್ಟಿದ ಪಕ್ಷ ಅದು. 1999ರಲ್ಲಿ ಸಂಯುಕ್ತ ಜನತಾ ದಳದೊಳಗೆ ಕರಗಿಹೋಯಿತು. ಇಷ್ಟು ಅಲ್ಪಾಯುಷಿ ಪಕ್ಷದ ಬಗ್ಗೆ ಈಗ ಯಾಕೆ ಬರೆಯಬೇಕು? ಬದುಕಿದ್ದಷ್ಟು ದಿನ ಅದು ಯಾರಿಗೆ ದಾರಿ ಮಾಡಿಕೊಟ್ಟಿತು ಎಂಬ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲವಾದ್ದರಿಂದ.

ಹೆಗಡೆಯವರ ಮೇಲೆ ನಮ್ಮವರಿಗಿದ್ದ ಪ್ರೀತಿ ಸುಮ್ಮನೆ ಹುಟ್ಟಿದ್ದಲ್ಲ. ಸವದತ್ತಿ ಪಕ್ಕದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಸರ್ಕಾರ, ಅಚ್ಚುಕಟ್ಟಿನ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಹೇರಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆಯಿತು. ಆ ಸಿಟ್ಟು ಆರಲಿಲ್ಲ. 1983ರಲ್ಲಿ ಜನತಾ ಪಕ್ಷ 95 ಸ್ಥಾನ ಗೆದ್ದು, ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಕಿತ್ತೂರಿನಲ್ಲಿ ಡಿ.ಬಿ. ಇನಾಮದಾರರು ಜನತಾ ಪಕ್ಷದಿಂದಲೇ ಗೆದ್ದಿದ್ದರು. ಕಾಂಗ್ರೆಸ್ಸಿಗೆ ಹೋದದ್ದು ಆಮೇಲಿನ ಮಾತು.

ಆ ಸಂಪುಟದಲ್ಲಿ ಅಬ್ದುಲ್ ನಜೀರ್‌ಸಾಬರಿದ್ದರು. ಹಳ್ಳಿಹಳ್ಳಿಗೆ ಬೋರು ಕೊರೆಸಿ 'ನೀರ್‌ಸಾಬ್' ಎನಿಸಿಕೊಂಡವರು. 'ಸಾಬ' ಎಂಬ ಮಾತನ್ನು ಬೈಗುಳದ ಹಾಗೆ ಕೇಳಿ ಬೆಳೆದ ನಮಗೆ, ಊರ ಹೆಂಗಸರು ಕೊಡ ಹಿಡಿದು ಅದೇ ಮಾತನ್ನು ಪ್ರೀತಿಯಿಂದ ಆಡುವುದನ್ನು ಕೇಳಿದಾಗ ಏನನ್ನಿಸಿರಬೇಕು! ಅವರೇ ರೂಪಿಸಿದ ಪಂಚಾಯತ್ ವ್ಯವಸ್ಥೆಗೆ 1987ರಲ್ಲಿ ಚುನಾವಣೆ ನಡೆದು, ಹೆಣ್ಣುಮಕ್ಕಳಿಗೆ ಶೇಕಡಾ 25 ಸ್ಥಾನ ಸಿಕ್ಕಿತು. ನಮ್ಮ ಮಟ್ಟಿಗೆ ಉದಾರವಾದವೆಂದರೆ ಇದು. 1988ರಲ್ಲಿ ನಜೀರ್‌ಸಾಬರು ತೀರಿಕೊಂಡರು. ಟೆಲಿಫೋನ್ ಕದ್ದಾಲಿಕೆಯ ಗದ್ದಲದಲ್ಲಿ ಹೆಗಡೆ ಅಧಿಕಾರ ಬಿಟ್ಟದ್ದೂ ಅದೇ ವರ್ಷ.

1996ರಲ್ಲಿ ದೇವೇಗೌಡರು ಪ್ರಧಾನಿಯಾದರು, ಹೆಗಡೆ ಜನತಾ ದಳದಿಂದ ಹೊರಬಿದ್ದರು. ಅವರಿಗೆ ಅನ್ಯಾಯವಾಯಿತೆಂದು ನಮ್ಮ ಮನೆಗಳಲ್ಲೂ ಮರುಗಿದವರಿದ್ದರು. ಆದರೆ ಅನ್ಯಾಯದ ನೋವೊಂದರ ಮೇಲೆ ಪಕ್ಷ ನಿಲ್ಲುತ್ತದೆಯೇ? ಲೋಕಶಕ್ತಿಗೆ ದೊಡ್ಡ ಹೆಸರಿತ್ತು, ಹಳೆಯ ಪುಣ್ಯವಿತ್ತು. ಹೊಸದಾಗಿ ಹೇಳಬೇಕಾದದ್ದು ಏನಿತ್ತೋ ತಿಳಿಯಲಿಲ್ಲ. 1998ರ ಲೋಕಸಭಾ ಚುನಾವಣೆಗೆ ಅದು ಭಾರತೀಯ ಜನತಾ ಪಕ್ಷದ ಕೈಹಿಡಿಯಿತು.

1992ರ ಡಿಸೆಂಬರ್ 6ನ್ನೂ, 1994ರ ಆಗಸ್ಟ್ 15ರಂದು ಹುಬ್ಬಳ್ಳಿ ಈದ್ಗಾ ಮೈದಾನದ ಗಲಾಟೆಯಲ್ಲಿ ನಡೆದ ಗೋಲಿಬಾರನ್ನೂ ಕಂಡಿದ್ದ ನಮಗೆ ಈ ಮೈತ್ರಿ ಅರಗುವಂಥದ್ದಾಗಿರಲಿಲ್ಲ. ಹೆಗಡೆಯಂಥವರು ಒಳಗಿದ್ದರೆ ಆ ಪಕ್ಷ ಮೆತ್ತಗಾದೀತು ಎಂದು ಸಮಾಧಾನ ಹೇಳಿದವರಿದ್ದರು. ಲೆಕ್ಕ ಬೇರೆಯೇ ಹೇಳುತ್ತದೆ. 1996ರಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಬಿಜೆಪಿಗೆ ಸಿಕ್ಕಿದ್ದು 6, ಜನತಾ ದಳಕ್ಕೆ 16. ಎರಡೇ ವರ್ಷದಲ್ಲಿ ಬಿಜೆಪಿ 13ಕ್ಕೇರಿತು, ಜನತಾ ದಳ 3ಕ್ಕಿಳಿಯಿತು. ಲೋಕಶಕ್ತಿಗೆ ಬಂದದ್ದು ಮೂರು. ಹೆಗಡೆಯವರಿಗೆ ಕೇಂದ್ರದಲ್ಲಿ ವಾಣಿಜ್ಯ ಖಾತೆ.

ಬೆಳಗಾವಿಯಲ್ಲಿ 1996ರಲ್ಲಿ ಗೆದ್ದಿದ್ದವರು ಜನತಾ ದಳದ ಶಿವಾನಂದ ಕೌಜಲಗಿ. 1998ರಲ್ಲಿ ಗೆದ್ದವರು ಬಿಜೆಪಿಯ ಬಾಬಾಗೌಡ ಪಾಟೀಲ. ಇವರೇ 1989ರಲ್ಲಿ ಹಸಿರು ಶಾಲು ಹೊದ್ದು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ರೈತ ಸಂಘದಿಂದ ಗೆದ್ದಿದ್ದವರು. ನವಿಲುತೀರ್ಥದ ನೀರಿನ ಜಗಳದಿಂದ ಮೇಲೆದ್ದ ರೈತರ ಸಿಟ್ಟು, ಜನತಾ ಪರಿವಾರದ ಒಳ್ಳೆಯ ಹೆಸರು, ಎರಡೂ ಒಂದೇ ವರ್ಷ ವಾಜಪೇಯಿ ಮಂತ್ರಿಮಂಡಲದಲ್ಲಿ ಅಕ್ಕಪಕ್ಕ ಕುಳಿತವು. ಚಿಕ್ಕೋಡಿಯಿಂದ ಲೋಕಶಕ್ತಿಯ ಟಿಕೆಟ್ಟಿನಲ್ಲಿ ಗೆದ್ದ ರಮೇಶ ಜಿಗಜಿಣಗಿ 2004ರ ಹೊತ್ತಿಗೆ ಬಿಜೆಪಿಯಲ್ಲಿದ್ದರು. 2024ರಲ್ಲೂ ವಿಜಯಪುರದಿಂದ ಅದೇ ಪಕ್ಷದಲ್ಲಿ ಗೆದ್ದರು. ಪಕ್ಷ ಕರಗಿತು, ದಾಟಿಸಿದವರು ಆಚೆ ದಡದಲ್ಲೇ ಉಳಿದರು.

1999ರ ವಿಧಾನಸಭೆಯಲ್ಲಿ ಸಂಯುಕ್ತ ದಳಕ್ಕೆ ಸಿಕ್ಕಿದ್ದು 18 ಸ್ಥಾನ. ಆ ಸಲದ ಕೇಂದ್ರ ಮಂತ್ರಿಮಂಡಲದಲ್ಲಿ ಹೆಗಡೆಯವರಿಗೆ ಜಾಗವಿರಲಿಲ್ಲ. 2004ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾವು ದುಃಖಪಟ್ಟೆವು, ಅದು ನಿಜವಾದ ದುಃಖವೇ. ಆದರೂ ಅವರ ಸಜ್ಜನಿಕೆಯನ್ನು ಹೊಗಳುವವರು 1998ನ್ನು ಹಾರಿಸಿಬಿಡುವುದು ನಮಗೆ ಒಪ್ಪಿಗೆಯಿಲ್ಲ.

ನಮ್ಮ ತಪ್ಪನ್ನೂ ಹೇಳಬೇಕು. ನಾವು ಮನುಷ್ಯನನ್ನು ನಂಬಿದೆವು. ನಜೀರ್‌ಸಾಬರು ಕೈಗೆ ಕೊಟ್ಟುಹೋದ ಮಂಡಲ ಪಂಚಾಯಿತಿಗಳಲ್ಲಿ ಕೂತು ಜಗಳವಾಡಿ, ಊರಿನಲ್ಲೊಂದು ಶಾಖೆ ಕಟ್ಟುವ ಕೆಲಸ ನಮ್ಮಿಂದ ಆಗಲಿಲ್ಲ. ಬೈಲಹೊಂಗಲದ ಹತ್ತಿ ಪೇಟೆಯಲ್ಲಾಗಲಿ, ರಾಮದುರ್ಗದ ನೇಕಾರರ ಓಣಿಯಲ್ಲಾಗಲಿ ನಮಗೂ ಪಕ್ಷಕ್ಕೂ ಇದ್ದ ನಂಟು ಚುನಾವಣೆಗೆ ಹದಿನೈದು ದಿನ ಮೊದಲು ಬರುತ್ತಿದ್ದ ಜೀಪಿನದು. ಆ ಜೀಪು ಬೇರೆ ಬಾವುಟ ಕಟ್ಟಿಕೊಂಡು ಬಂದಾಗ ತಡೆದು ಕೇಳುವ ಹಕ್ಕು ನಮಗೆಲ್ಲಿಂದ ಬರಬೇಕು?

ಹೆಗಡೆಯವರನ್ನು ಹೊರಗೆ ಕಳಿಸಿದ ದೇವೇಗೌಡರ ಪಕ್ಷವೂ 2006ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಬಿಜೆಪಿಯ ಜೊತೆಗೂಡಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಈ ನಾಲ್ಕೂ ಕ್ಷೇತ್ರಗಳು ಕಾಂಗ್ರೆಸ್ಸಿಗೆ ಹೋದವು. ಮರುವರ್ಷ ಬೆಳಗಾವಿಯಿಂದ ಲೋಕಸಭೆಗೆ ಗೆದ್ದ ಜಗದೀಶ ಶೆಟ್ಟರ್, 2023ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತು, ಬಿಜೆಪಿಗೆ ಮರಳಿದ್ದವರು. ಕಿತ್ತೂರಿನ ಮತಗಳು ಲೋಕಸಭೆಗೆ ಉತ್ತರ ಕನ್ನಡದೊಂದಿಗೆ ಎಣಿಕೆಯಾಗುತ್ತವೆ. ಹೆಗಡೆಯವರ ಸ್ವಂತ ಜಿಲ್ಲೆ ಅದು. ಅಲ್ಲಿಯೂ ಗೆದ್ದದ್ದು ಬಿಜೆಪಿ.