ಎಂ.ಎಸ್ಸಿ. ಓದು ಮತ್ತು ಬಾಲವಾಡಿಯ ಚಾಪೆ

‘ಸಣ್ಣ ಹುಡುಗರಿಗೆ ಅ, ಆ ಹೇಳಿಕೊಡಾಕ ಎಂ.ಎಸ್ಸಿ. ಯಾಕ ಬೇಕು?’ ಹುಬ್ಬಳ್ಳಿ-ಧಾರವಾಡದಲ್ಲಿ ಈ ಮಾತು ಅಪರೂಪವಲ್ಲ. ಉತ್ತರ ಕೊಡಬಲ್ಲ ವಿಭಾಗವೂ ಇದೇ ಊರಲ್ಲಿದೆ. 1974ರಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜಾಗಿ ಶುರುವಾಗಿ, 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮಡಿಲಿಗೆ ಬಂದು, ಈಗ ಸಮುದಾಯ ವಿಜ್ಞಾನ ಕಾಲೇಜು ಎನಿಸಿಕೊಂಡ ಸಂಸ್ಥೆಯಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನವನ್ನು ಸ್ನಾತಕೋತ್ತರ ಹಂತದಲ್ಲಿ ಕಲಿಸುತ್ತಾರೆ. ಅಲ್ಲಿಯ ಪ್ರಯೋಗಶಾಲೆ ಎಂದರೆ ಒಂದು ನರ್ಸರಿ ಶಾಲೆ.

ಈ ಓದು ಕೊಡುವುದೇನು? ಮಕ್ಕಳ ಮನೋವಿಜ್ಞಾನಿ ಪಿಯಾಜೆಯ ಹೆಸರು ನರ್ಸರಿ ಶಿಕ್ಷಕಿಯರ ಡಿಪ್ಲೊಮಾದಲ್ಲೂ ಬರುತ್ತದೆ. ಅವರ ಪ್ರಯೋಗದಂತೆ ನಾಲ್ಕು ವರ್ಷದ ಮಗುವಿನ ಎದುರು ಎರಡು ಲೋಟಗಳಲ್ಲಿ ಸಮನಾಗಿ ನೀರಿಟ್ಟು, ಒಂದನ್ನು ಎತ್ತರದ ಸಪೂರ ಲೋಟಕ್ಕೆ ಸುರಿದರೆ ‘ಇದರಾಗ ಭಾಳ ಐತಿ’ ಎನ್ನುತ್ತದೆ. ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂದು ತಿಳಿಯುವ ಹಂತಕ್ಕೆ ಮಗು ಇನ್ನೂ ಬಂದಿಲ್ಲ ಎಂದು ಡಿಪ್ಲೊಮಾ ಪಾಠ ಮುಗಿಸುತ್ತದೆ. ಸ್ನಾತಕೋತ್ತರ ಓದು ಇಲ್ಲಿಂದ ಶುರುವಾಗಬೇಕು. 1974ರಲ್ಲಿ ಮನೋವಿಜ್ಞಾನಿಗಳಾದ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇಂಥದ್ದೇ ಪ್ರಯೋಗದಲ್ಲಿ, ಸಾಲಾಗಿ ಜೋಡಿಸಿದ ಬಿಲ್ಲೆಗಳನ್ನು ದೊಡ್ಡವರ ಬದಲು ತುಂಟ ಕರಡಿಬೊಂಬೆಯೊಂದು ಬಂದು ಕೆಡಿಸುವಂತೆ ಮಾಡಿದರು. ಆಗ ಎಷ್ಟೋ ಹೆಚ್ಚು ಮಕ್ಕಳು ಸರಿಯುತ್ತರ ಕೊಟ್ಟರು. ಅಂದರೆ, ದೊಡ್ಡವರು ತಾವೇ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ, ಅವರಿಗೆ ಬೇರೆ ಉತ್ತರ ಬೇಕಾಗಿದೆ ಎಂದು ಮಗು ಊಹಿಸಿರಬಹುದು. ಇದನ್ನು ಓದಿದ ಟೀಚರ್ ಮಗುವಿನ ಜೊತೆಗೆ ತನ್ನ ಪ್ರಶ್ನೆಯನ್ನೂ ಅನುಮಾನಿಸುತ್ತಾಳೆ. ಇಪ್ಪತ್ತು ವರ್ಷದ ಅನುಭವವೂ ಈ ಅನುಮಾನವನ್ನು ತಾನಾಗಿ ಕಲಿಸದು. ಬಹಳ ಸಲ ಅನುಭವ ಆತ್ಮವಿಶ್ವಾಸವನ್ನಷ್ಟೇ ಬೆಳೆಸುತ್ತದೆ.

ಘೋಷಣೆಗಳ ವಿಷಯದಲ್ಲೂ ಅಷ್ಟೇ. ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಆರು ವರ್ಷದೊಳಗೆ ಆಗುತ್ತದೆ ಎನ್ನುತ್ತದೆ 2020ರ ಶಿಕ್ಷಣ ನೀತಿ. ಖಾಸಗಿ ನರ್ಸರಿಗಳ ಜಾಹೀರಾತಿಗೆ ಹೇಳಿ ಮಾಡಿಸಿದ ಅಂಕಿ. ಯಾವುದರ ಶೇ 85, ಗಾತ್ರದ್ದೋ ಕಲಿಕೆಯದ್ದೋ ಎಂದು ಕೇಳುವವಳನ್ನು ವಿಶ್ವವಿದ್ಯಾಲಯವೇ ತಯಾರು ಮಾಡಬೇಕು.

ಇನ್ನು ತಕರಾರು. ಓದು, ಪ್ರಬಂಧ ಎಲ್ಲ ಇಂಗ್ಲಿಷಿನಲ್ಲಿ. ಚಾಪೆಯ ಮೇಲೆ ಕೂತ ಮಕ್ಕಳು ಧಾರವಾಡ ಕನ್ನಡ, ಉರ್ದು, ಲಂಬಾಣಿ ಆಡುವವರು. 1980ರಲ್ಲಿ ಹಾರ್ಮ್ಸ್ ಮತ್ತು ಕ್ಲಿಫರ್ಡ್ ಅಮೆರಿಕದ ನರ್ಸರಿಗಳಿಗಾಗಿ ರೂಪಿಸಿದ ಏಳು ಅಂಕಗಳ ಗುಣಮಟ್ಟ ಮಾಪನವನ್ನು ಹಳೇ ಹುಬ್ಬಳ್ಳಿಯ ಒಂದು ಕೋಣೆಯ ಅಂಗನವಾಡಿಗೆ ಹಿಡಿದರೆ ಬಡತನಕ್ಕೆ ಅಂಕ ಬೀಳುತ್ತದೆಯೇ ಹೊರತು ಕಾರ್ಯಕರ್ತೆಯ ಜಾಣತನಕ್ಕಲ್ಲ.

ಇದಕ್ಕಿಂತ ದೊಡ್ಡ ದೋಷ ಬೇರೆಯಿದೆ. ಎಂ.ಎಸ್ಸಿ. ಮಾಡಿದವಳಿಗೆ ಕಾಣುವ ದಾರಿ ಪಿಎಚ್.ಡಿ., ಉಪನ್ಯಾಸಕ ಹುದ್ದೆ, ಇಲಾಖೆಯ ಪರೀಕ್ಷೆ. ಹೆಚ್ಚು ಓದಿದಷ್ಟೂ ಆಕೆ ಮಕ್ಕಳಿಂದ ದೂರವಾಗುತ್ತಾಳೆ. ಮಕ್ಕಳ ಬಳಿಯೇ ಉಳಿದು, 1975ರಿಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ (ಐಸಿಡಿಎಸ್) ಭಾರ ಹೊತ್ತ ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಇಂದಿಗೂ ಸಂಬಳವಲ್ಲ, ಗೌರವಧನ. ಶಿಕ್ಷಣ ನೀತಿ ಆಕೆಗೆ, ಪಿಯುಸಿ ಮುಗಿಸಿದ್ದರೆ, ಆರು ತಿಂಗಳ ಸರ್ಟಿಫಿಕೇಟ್ ಸೂಚಿಸಿತು. ಅದನ್ನು ಡಿಟಿಎಚ್ ವಾಹಿನಿ, ಸ್ಮಾರ್ಟ್‌ಫೋನ್ ಮೂಲಕವೂ ಕಲಿಸಬಹುದಂತೆ. ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಜರಿ, ತೂಕ ತುಂಬಿಸಿ ಸುಸ್ತಾದ ಅದೇ ಫೋನಿನಲ್ಲಿ ಮಕ್ಕಳ ಮನೋವಿಜ್ಞಾನ! ಮಗುವನ್ನು ಗಮನಿಸಿ ಬರೆದಿಡುವ ಕೌಶಲ ಬರಬೇಕಾದರೆ, ಬರೆದದ್ದನ್ನು ಓದಿ ‘ಇದು ನೀ ಕಂಡದ್ದೋ, ಅಂದುಕೊಂಡದ್ದೋ?’ ಎಂದು ಕೇಳುವ ಗುರು ಪಕ್ಕದಲ್ಲಿರಬೇಕು.

ಕೃಷಿ ವಿಶ್ವವಿದ್ಯಾಲಯದ ನರ್ಸರಿಯಲ್ಲಿ ಅಂಥ ಏರ್ಪಾಡಿಗೆ ಜಾಗವಿದೆ. ವರ್ಷಕ್ಕೆ ಹತ್ತೇ ಕಾರ್ಯಕರ್ತೆಯರು, ಗೌರವಧನ ಕಡಿತವಿಲ್ಲದೆ, ಒಂದು ಸೆಮಿಸ್ಟರ್ ಅಲ್ಲಿ ಕಲಿಯಲಿ. ಅಷ್ಟೂ ದಿನ ಅವರ ಅಂಗನವಾಡಿಯನ್ನು ಎಂ.ಎಸ್ಸಿ. ವಿದ್ಯಾರ್ಥಿನಿಯರು ನಡೆಸಲಿ. ಪ್ರಬಂಧಕ್ಕೆ ವಿಷಯ ಹುಡುಕುವ ಕಷ್ಟವೂ ತಪ್ಪೀತು.